ಅಟ್ಟದ ಮೇಲಿದ್ದ ಸೂಟ್‌ಕೇಸಿಗೆ ಸವೆತ ಎಲ್ಲಿಂದ ಬಂತು?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ, ಅಂದರೆ 2023ರ ಮೇ ತಿಂಗಳಲ್ಲಿ, ಶಿವಮೊಗ್ಗದ ಅಂಗಡಿಯೊಂದರಲ್ಲಿ ಹೆಸರಾಂತ ಕಂಪನಿಯ ನಾಲ್ಕು ಚಕ್ರದ ಸೂಟ್‌ಕೇಸನ್ನು 6,400 ರೂಪಾಯಿ ಕೊಟ್ಟು ತೆಗೆದುಕೊಂಡೆವು. ಐದು ವರ್ಷದ ಅಂತರರಾಷ್ಟ್ರೀಯ ವಾರಂಟಿ ಎಂದು ಕಾರ್ಡಿಗೆ ಮೊಹರು ಹಾಕಿ ಕೊಟ್ಟರು. ಬಳಸಿದ್ದು ಹೆಚ್ಚೆಂದರೆ ನಾಲ್ಕು ಸಲ. ಉಳಿದ ಕಾಲವೆಲ್ಲ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಅಟ್ಟದ ಮೇಲಿತ್ತು. 2025ರ ದೀಪಾವಳಿಯ ಹೊತ್ತಿಗೆ ಇಳಿಸಿ ನೋಡಿದರೆ ನಾಲ್ಕೂ ಚಕ್ರಗಳ ಮೇಲಿನ ರಬ್ಬರಿನಂಥ ಪದರ ಕೊಬ್ಬರಿ ಮಿಠಾಯಿಯ ಹಾಗೆ ಮುರಿದು ಉದುರುತ್ತಿದೆ, ಒಳಗಿನ ಲೈನಿಂಗ್ ಬಟ್ಟೆ ಕೈಗೆ ಅಂಟುತ್ತಿದೆ. ಅಂಗಡಿಯವರು ಕಂಪನಿಗೆ ಬರೆಯಿರಿ ಎಂದರು. ಕಂಪನಿಯವರು ‘ಇದು ಸಹಜ ಸವೆತ, ವಾರಂಟಿಗೆ ಬರುವುದಿಲ್ಲ’ ಎಂದು ಎರಡು ಸಾಲಿನ ಇ-ಮೇಲ್ ಕಳಿಸಿ ಕೈತೊಳೆದುಕೊಂಡಿದ್ದಾರೆ. ಇದಕ್ಕೆ ದಾರಿ ಇದೆಯೇ? ಮುಂದೆ ಕೊಳ್ಳುವಾಗ ಏನನ್ನು ನೋಡಬೇಕು?

ಉತ್ತರ: ‘ನಾಲ್ಕೂ ಚಕ್ರಗಳು’ ಎಂದು ಬರೆದಿದ್ದೀರಲ್ಲ, ಆ ‘ನಾಲ್ಕೂ’ ಎಂಬ ಮಾತಿನಲ್ಲಿಯೇ ನಿಮ್ಮ ವಾದದ ಅರ್ಧ ಬಲವಿದೆ. ಉಳಿದರ್ಧ ಬಲ ನೀವು ಕೊನೆಗೆ ಸೇರಿಸಿದಂತೆ ಬರೆದಿರುವ ಲೈನಿಂಗ್ ಬಟ್ಟೆಯ ವಿಷಯದಲ್ಲಿದೆ. ಎರಡನ್ನೂ ವಿವರಿಸುತ್ತೇನೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹೊಸಿಲೂ ಹಾಳಾಗುತ್ತದೆ, ಕಂಬವೂ ಹಾಳಾಗುತ್ತದೆ. ಆದರೆ ಹೊಸಿಲು ಕಾಲು ಬೀಳುವ ನಡುಭಾಗದಲ್ಲಿ ನುಣುಪಾಗಿ ತಗ್ಗುತ್ತದೆ, ಎರಡು ತುದಿಗಳು ಮಾತ್ರ ಹೊಸದರಂತೆಯೇ ಉಳಿದಿರುತ್ತವೆ. ಒರಲೆ ಹಿಡಿದ ಕಂಬವಾದರೋ ಯಾರೂ ಮುಟ್ಟದ ಮೂಲೆಯಲ್ಲಿಯೂ ಒಳಗಿನಿಂದಲೇ ಟೊಳ್ಳಾಗಿರುತ್ತದೆ. ಮೊದಲನೆಯದು ಸವೆತ. ಎರಡನೆಯದನ್ನು ಯಾರೂ ಸವೆತ ಎನ್ನುವುದಿಲ್ಲ. ಸೂಟ್‌ಕೇಸಿನ ಚಕ್ರವೂ ಹೀಗೆಯೇ. ಓಡಾಟದಿಂದ ಸವೆದ ಚಕ್ರದ ಸುತ್ತಳತೆ ಕುಗ್ಗಿರುತ್ತದೆ, ಮೈ ಗೀಚಿರುತ್ತದೆ, ಒಂದು ಕಡೆ ಚಪ್ಪಟೆಯಾಗಿರುತ್ತದೆ, ಮತ್ತು ಹೆಚ್ಚು ಭಾರ ಹೊತ್ತ ಒಂದೆರಡು ಚಕ್ರಗಳು ಉಳಿದವಕ್ಕಿಂತ ಮುಂಚೆ ಹೋಗುತ್ತವೆ. ನಾಲ್ಕೂ ಚಕ್ರಗಳು ಒಂದೇ ಕಾಲಕ್ಕೆ, ನೆಲಕ್ಕೆ ತಾಗದ ಪಕ್ಕದ ಅಂಚುಗಳೂ ಸೇರಿ, ಬಿರುಕು ಬಿಟ್ಟು ಉದುರಿದರೆ ಅದು ವಸ್ತುವೇ ಕೆಟ್ಟದ್ದರ ಲಕ್ಷಣ.

ಕೆಟ್ಟದ್ದು ಹೇಗೆ ಎಂಬುದನ್ನೂ ತಿಳಿದಿರಬೇಕು, ಏಕೆಂದರೆ ಕಂಪನಿಯವರ ಮುಂದಿನ ಉತ್ತರಕ್ಕೆ ನೀವು ಅದರಿಂದಲೇ ಪ್ರತ್ಯುತ್ತರ ಕೊಡಬೇಕಾಗುತ್ತದೆ. ಚಕ್ರಗಳ ಮೇಲಿನ ಆ ಮೆತ್ತನೆಯ ಪದರ ನೋಡಲು ರಬ್ಬರಿನಂತಿದ್ದರೂ ಅನೇಕ ಸೂಟ್‌ಕೇಸುಗಳಲ್ಲಿ ಅದು ಪಾಲಿಯುರೆಥೇನ್ ಎಂಬ ಒಂದು ಬಗೆಯ ಪ್ಲಾಸ್ಟಿಕ್. ಸದ್ದಿಲ್ಲದೆ ಉರುಳುತ್ತದೆ, ಟೈಲ್ಸಿನ ಮೇಲೆ ಗೆರೆ ಬಿಡುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಬಳಸುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಪಾಲಿಯೆಸ್ಟರ್ ಮೂಲದ್ದು ಎಣ್ಣೆ ಮತ್ತು ಉಜ್ಜಾಟಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಗಾಳಿಯ ತೇವಕ್ಕೆ ಸೋಲುತ್ತದೆ. ಪಾಲಿಈಥರ್ ಮೂಲದ್ದು ತೇವವನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ಮೊದಲನೆಯದರ ಅಣುಸರಪಳಿಯನ್ನು ಹಿಡಿದಿಡುವ ಎಸ್ಟರ್ ಕೊಂಡಿಗಳನ್ನು ನೀರಿನ ಅಣುಗಳು ಒಂದೊಂದಾಗಿ ಕತ್ತರಿಸುತ್ತವೆ. ಈ ಕ್ರಿಯೆಗೆ ಜಲವಿಭಜನೆ ಎನ್ನುತ್ತಾರೆ. ಹಾಗೆ ಕತ್ತರಿಸಿದಾಗ ಹುಟ್ಟುವ ಆಮ್ಲ ಮುಂದಿನ ಕತ್ತರಿಕೆಯನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ, ವರ್ಷಗಟ್ಟಲೆ ಏನೂ ಆಗದಂತೆ ಕಾಣುತ್ತಿದ್ದ ಚಕ್ರ ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಪುಡಿಯಾಗುತ್ತದೆ. ಮದುವೆ ಮನೆಗೆಂದು ಜೋಪಾನವಾಗಿ ಎತ್ತಿಟ್ಟ ಶೂ ಅಲ್ಲಿಗೆ ಹೋಗಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅಡಿ ಕಳಚಿಕೊಂಡು ಮಾನ ತೆಗೆಯುವುದನ್ನು ನೀವು ಕಂಡಿರಬಹುದು; ಅದರ ಹಿಂದಿರುವುದೂ ಇದೇ ರಸಾಯನ.

ಇನ್ನು ಲೈನಿಂಗ್. ಬ್ಯಾಗುಗಳ ಒಳಬಟ್ಟೆಯ ಬೆನ್ನಿಗೆ ತೆಳುವಾಗಿ ಪಾಲಿಯುರೆಥೇನ್ ಬಳಿದಿರುವುದು ಸಾಮಾನ್ಯ. ಅದು ಕೆಟ್ಟಾಗ ಮೊದಲು ಅಂಟಂಟಾಗುತ್ತದೆ, ಆಮೇಲೆ ಹೊಟ್ಟಿನಂತೆ ಉದುರುತ್ತದೆ. ಈಗ ಕಂಪನಿಯವರನ್ನು ನೀವು ಕೇಳಬೇಕಾದ ಪ್ರಶ್ನೆ ಸರಳ: ಚಕ್ರವೇನೋ ರಸ್ತೆಯ ಮೇಲೆ ಉರುಳಿ ಸವೆಯಿತು ಎನ್ನೋಣ, ಪೆಟ್ಟಿಗೆಯ ಒಳಗಿರುವ ಬಟ್ಟೆ ಯಾವ ರಸ್ತೆಯ ಮೇಲೆ ಉರುಳಿತು? ಒಂದೇ ಪೆಟ್ಟಿಗೆಯಲ್ಲಿ ಎರಡು ಕಡೆ ಒಂದೇ ಬಗೆಯ ಕೇಡು ಕಾಣಿಸಿಕೊಂಡಿದೆ ಎಂಬ ಸಂಗತಿಗೆ ‘ಸಹಜ ಸವೆತ’ ಎಂಬ ಉತ್ತರ ಹೊಂದುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲೊಂದು ತೊಡಕೂ ಇದೆ, ಅದನ್ನು ಮುಚ್ಚಿಟ್ಟು ಉತ್ತರಿಸುವುದು ಸರಿಯಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದರಿಂದ ಒಳಗೆ ಸೇರಿದ ತೇವ ಹೊರಹೋಗದೆ ಕೇಡು ಬೇಗ ಆಗಿರಬಹುದು. ಕಂಪನಿಯವರು ಸವೆತದ ಮಾತು ಬಿಟ್ಟು ‘ಸರಿಯಾಗಿ ಇಟ್ಟುಕೊಂಡಿಲ್ಲ’ ಎಂಬ ಮಾತನ್ನು ಹಿಡಿದರೆ ಆಶ್ಚರ್ಯವಿಲ್ಲ. ಅದಕ್ಕೆ ನಿಮ್ಮ ಸಮಾಧಾನ ಎರಡು. ಕವರು ಪೆಟ್ಟಿಗೆಯ ಜೊತೆಗೇ ಬಂದದ್ದು, ತೆಗೆದು ಇಡಬೇಕೆಂದು ಕಾರ್ಡಿನಲ್ಲಾಗಲಿ ಚೀಟಿಯಲ್ಲಾಗಲಿ ಬರೆದಿರಲಿಲ್ಲ ಎಂಬುದು ಒಂದು. ಬರೆದಿತ್ತೇ ಇಲ್ಲವೇ ಎಂಬುದನ್ನು ಈಗಲೇ ಕಾರ್ಡು ಮುಂದಿಟ್ಟುಕೊಂಡು ಓದಿ ಖಚಿತಪಡಿಸಿಕೊಳ್ಳಿ. ಎರಡನೆಯದು, ಕಂಪನಿಯ ಅಧಿಕೃತ ಮಾರಾಟಗಾರರೇ ಈ ಸರಕನ್ನು ಶಿವಮೊಗ್ಗದಲ್ಲಿ ಮಾರಿದ್ದಾರೆ. ಸರಾಸರಿ ವರ್ಷದಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವುದು ನಿಮ್ಮ ತಾಲ್ಲೂಕಿನಲ್ಲೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಉಪ್ಪಿನ ಭರಣಿಯೂ ನೀರೊಡೆಯುವ ಈ ಸೀಮೆಯಲ್ಲಿ ತೇವದ ಗಾಳಿಯೇ ಸಹಜ ಬಳಕೆಯ ವಾತಾವರಣ. ಅದನ್ನು ತಾಳದ ವಸ್ತುವಿಗೆ ಇಲ್ಲಿ ಐದು ವರ್ಷದ ಮಾತು ಕೊಡಬಾರದಿತ್ತು.

ಈ ಕೊನೆಯ ಮಾತಿಗೆ ಕಾನೂನಿನ ಆಸರೆಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2ನೇ ಕಲಮಿನ 47ನೇ ಉಪಕಲಮು ಅನುಚಿತ ವ್ಯಾಪಾರ ಪದ್ಧತಿಗಳನ್ನು ವಿವರಿಸುತ್ತದೆ. ವಸ್ತುವಿನ ಕಾರ್ಯಕ್ಷಮತೆ ಅಥವಾ ಬಾಳಿಕೆಯ ಬಗ್ಗೆ ತಕ್ಕ ಪರೀಕ್ಷೆಯ ಆಧಾರವಿಲ್ಲದೆ ವಾರಂಟಿ ಕೊಡುವುದು ಅವುಗಳಲ್ಲೊಂದು. ಪರೀಕ್ಷೆ ನಡೆದಿದೆ ಎಂದು ಕಂಪನಿ ವಾದಿಸಿದರೆ ಅದನ್ನು ಸಾಬೀತುಪಡಿಸುವ ಹೊರೆ ಹಾಗೆ ವಾದಿಸಿದವರ ಮೇಲೆಯೇ ಬೀಳುತ್ತದೆ. ಹಾಗಾಗಿ ತೇವದಲ್ಲಿ ಈ ಚಕ್ರಗಳನ್ನು ಎಷ್ಟು ಕಾಲ ಪರೀಕ್ಷಿಸಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ. ನಾನು ಕಂಡಂತೆ, ಈ ಪ್ರಶ್ನೆಯನ್ನು ಕೇಳಿದ ಗ್ರಾಹಕರಿಗೆ ಎರಡು ಸಾಲಿನ ಸಿದ್ಧ ಉತ್ತರ ಮತ್ತೆ ಬರುವುದು ಕಡಿಮೆ.

‘ಅಂತರರಾಷ್ಟ್ರೀಯ ವಾರಂಟಿ’ ಎಂಬ ದೊಡ್ಡ ಪದಕ್ಕೆ ಮಾತ್ರ ಹೆಚ್ಚು ಬೆಲೆ ಕೊಡಬೇಡಿ. ಆ ವಾರಂಟಿಯನ್ನು ಬೇರೆ ದೇಶಗಳಲ್ಲಿರುವ ಕಂಪನಿಯ ಸೇವಾ ಕೇಂದ್ರಗಳೂ ಮಾನ್ಯ ಮಾಡುತ್ತವೆ ಎಂದಷ್ಟೇ ಅದರ ಅರ್ಥ; ರಕ್ಷಣೆಯ ವ್ಯಾಪ್ತಿ ಅದರಿಂದ ಎಳ್ಳಷ್ಟೂ ಹಿಗ್ಗುವುದಿಲ್ಲ. ಸಾಮಾನ್ಯವಾಗಿ ಈ ಕಾರ್ಡುಗಳು ತಯಾರಿಕೆಯ ದೋಷಕ್ಕೆ ಮಾತ್ರ ಹೊಣೆ ಹೊತ್ತು, ಸವೆತ, ದುರ್ಬಳಕೆ ಮತ್ತು ಸಾಗಣೆಯಲ್ಲಾದ ಹಾನಿಗಳನ್ನು ಹೊರಗಿಡುತ್ತವೆ. ಕೆಲವು ಕಾರ್ಡುಗಳು ಚಕ್ರ, ಜಿಪ್ಪು, ಹಿಡಿಕೆಗಳಿಗೆ ಬೇರೆಯೇ ಅವಧಿಯನ್ನು ಸಣ್ಣ ಅಕ್ಷರದಲ್ಲಿ ಹೇಳಿರುತ್ತವೆ. ನಿಮ್ಮ ಕಾರ್ಡಿನಲ್ಲಿ ಚಕ್ರಕ್ಕೆ ಒಂದೇ ವರ್ಷ ಎಂದಿದ್ದರೆ ನಿಮ್ಮ ದಾರಿ ಕಿರಿದಾಗುತ್ತದೆ, ಆಗ ಲೈನಿಂಗನ್ನೇ ಮುಂದೆ ಮಾಡಿ ಬರೆಯಬೇಕಾಗುತ್ತದೆ.

ಸಾಕ್ಷ್ಯದ ವಿಷಯದಲ್ಲಿ ನನ್ನದೇ ಒಂದು ದಡ್ಡತನವನ್ನು ಹೇಳುತ್ತೇನೆ. ಬ್ಯಾಗುಗಳ ಮಾರಾಟ ಮತ್ತು ದುರಸ್ತಿಯಲ್ಲಿ ಬಹಳ ವರ್ಷ ಕಳೆದವನಾದರೂ ನನ್ನ ಸ್ವಂತ ಪೆಟ್ಟಿಗೆಯ ಚಕ್ರ ಹೀಗೆಯೇ ಪುಡಿಯಾದಾಗ, ಮರುದಿನವೇ ಊರಿಗೆ ಹೊರಡುವುದಿದ್ದುದರಿಂದ, ಗುರುತಿನ ರಿಪೇರಿಯವನ ಕೈಯಲ್ಲಿ ಬೇರೆ ಚಕ್ರ ಹಾಕಿಸಿದೆ. ಹಳೆಯವನ್ನು ಅವನು ಕಸದ ಬುಟ್ಟಿಗೆ ಹಾಕಿದ. ಆಮೇಲೆ ಕಂಪನಿಗೆ ಬರೆದರೆ, ಹೊರಗಿನವರು ಬಿಚ್ಚಿದ ಪೆಟ್ಟಿಗೆಗೆ ವಾರಂಟಿ ಇಲ್ಲ ಎಂದು ಉತ್ತರ ಬಂತು. ಅದು ನ್ಯಾಯವಾದ ಉತ್ತರವೇ ಆಗಿತ್ತು, ಏಕೆಂದರೆ ದೋಷವಿತ್ತು ಎಂದು ತೋರಿಸಲು ನನ್ನ ಬಳಿ ಒಂದು ಚೂರೂ ಉಳಿದಿರಲಿಲ್ಲ.

ಆದ್ದರಿಂದ ಚಕ್ರವನ್ನು ಬಿಚ್ಚಿಸಬೇಡಿ, ಅಟ್ಟದ ಮೇಲೆ ಉದುರಿರುವ ಪುಡಿಯನ್ನೂ ಗುಡಿಸಿ ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿ ದಿನಾಂಕ ಬರೆದಿಡಿ. ಹಗಲು ಬೆಳಕಿನಲ್ಲಿ ಪ್ರತಿಯೊಂದು ಚಕ್ರದ ಚಿತ್ರವನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಯಿರಿ. ಉಗುರಿನಿಂದ ಅಂಚನ್ನು ಒತ್ತಿದಾಗ ಪದರ ಹೇಗೆ ಮುರಿದು ಬರುತ್ತದೆ ಎಂಬುದರ ಹತ್ತು ಸೆಕೆಂಡಿನ ವಿಡಿಯೊ ಹತ್ತು ಪುಟದ ವಿವರಣೆಗಿಂತ ಚೆನ್ನಾಗಿ ಮಾತನಾಡುತ್ತದೆ. ಪದರದ ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಗಾಲಿಯ ಮೇಲೆ ಗೀರುಗಳಿಲ್ಲದಿದ್ದರೆ ಅದರ ಚಿತ್ರವಂತೂ ಬೇಕೇ ಬೇಕು, ಏಕೆಂದರೆ ಹೆಚ್ಚು ಓಡಾಡಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಪೆಟ್ಟಿಗೆಯ ಮೂಲೆಗಳು ಹೊಸದರಂತಿದ್ದರೆ ಅವುಗಳ ಚಿತ್ರವೂ ಇರಲಿ. ಒಳಜೇಬಿನಲ್ಲಿಯೋ ಲೈನಿಂಗಿನ ಹೊಲಿಗೆಯಲ್ಲಿಯೋ ಮಾದರಿ ಸಂಖ್ಯೆಯ ಚೀಟಿ ಇದ್ದರೆ ಅದನ್ನೂ ಸೇರಿಸಿ. ಬಿಲ್ಲು ಉಷ್ಣಮುದ್ರಣದ ನುಣುಪು ಕಾಗದದಲ್ಲಿದ್ದರೆ ಅಕ್ಷರ ಮಾಸುತ್ತಿರುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ. ಬಿಲ್ಲು ನಿಮ್ಮ ಹೆಸರಿನಲ್ಲಿದ್ದು ಬಳಸಿದವರು ಮಗಳಾದರೂ ಚಿಂತೆಯಿಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ.

ನಂತರ ಕಂಪನಿಗೆ ಎರಡನೆಯ ಪತ್ರ ಬರೆಯಿರಿ. ಮೊದಲ ಪತ್ರದಲ್ಲಿ ಜನ ಸಾಮಾನ್ಯವಾಗಿ ತಮ್ಮ ಬೇಸರವನ್ನು ಬರೆದಿರುತ್ತಾರೆ. ಎರಡನೆಯದರಲ್ಲಿ ಬೇಸರ ಬೇಡ, ಕೇಳಿಕೆ ಮಾತ್ರ ಇರಲಿ. ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ‘ಇಂಥ ದಿನ ಇಂಥ ಬಿಲ್ಲಿನಲ್ಲಿ ಕೊಂಡ ಪೆಟ್ಟಿಗೆಯ ನಾಲ್ಕೂ ಚಕ್ರಗಳ ಹೊರಪದರ ಮತ್ತು ಲೈನಿಂಗಿನ ಲೇಪ ವಾರಂಟಿಯ ಅವಧಿಯೊಳಗೇ ಕೊಳೆತಿವೆ. ಚಿತ್ರಗಳನ್ನು ಲಗತ್ತಿಸಿದ್ದೇನೆ. ಇದು ಸವೆತವೆಂದು ನಿರ್ಧರಿಸಿದವರು ಯಾರು, ಪೆಟ್ಟಿಗೆಯನ್ನು ನೋಡದೆ ಹೇಗೆ ನಿರ್ಧರಿಸಿದರು, ವಾರಂಟಿಯ ಯಾವ ಷರತ್ತಿನ ಅಡಿಯಲ್ಲಿ ನಿರಾಕರಿಸಿದರು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ನಾಲ್ಕೂ ಚಕ್ರಗಳನ್ನು ಮತ್ತು ಲೈನಿಂಗನ್ನು ಖರ್ಚಿಲ್ಲದೆ ಬದಲಿಸಿಕೊಡಬೇಕು, ಆಗದಿದ್ದರೆ ಪೆಟ್ಟಿಗೆಯನ್ನೇ ಬದಲಿಸಬೇಕು. ಹದಿನೈದು ದಿನದೊಳಗೆ ಉತ್ತರ ಬರದಿದ್ದಲ್ಲಿ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸುತ್ತೇನೆ.’ ಕಂಪನಿಯ ಕಚೇರಿ ಹೊರರಾಜ್ಯದಲ್ಲಿದ್ದರೆ ಇದನ್ನೇ ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಇ-ಮೇಲ್ ಮಾಡಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಂಗಡಿಯವರಿಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿಯ ಸಹಿ ಪಡೆಯಿರಿ. ಅವರು ‘ನಮಗೂ ಇದಕ್ಕೂ ಸಂಬಂಧವಿಲ್ಲ’ ಎನ್ನಬಹುದು. ಹಣ ಪಡೆದು ಬಿಲ್ಲು ಕೊಟ್ಟವರು ಅವರು, ಆದ್ದರಿಂದ ಮುಂದೆ ದೂರು ಕೊಡುವುದಾದರೆ ಅವರನ್ನೂ ಎದುರುದಾರರನ್ನಾಗಿ ಸೇರಿಸುವುದು ರೂಢಿ. ಆದರೂ ಅವರೊಡನೆ ಜಗಳಕ್ಕೆ ಇಳಿಯಬೇಡಿ. ಕಂಪನಿಯ ಪ್ರದೇಶ ಪ್ರತಿನಿಧಿ ಅಂಗಡಿಗೆ ಬಂದ ದಿನ ಪೆಟ್ಟಿಗೆ ಅವನ ಕಣ್ಣಿಗೆ ಬೀಳುವಂತೆ ಮಾಡುವವರು ಅವರೇ, ಮತ್ತು ಎಷ್ಟೋ ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ.

ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೂ ಮಾತನಾಡಬಹುದು. ಅವರಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ತಲುಪಿಸಿ ಮಧ್ಯಸ್ಥಿಕೆ ಮಾಡುತ್ತಾರೆ, ಅಷ್ಟೆ. ಆದರೂ ಅಲ್ಲಿಂದ ಹೋದ ದೂರನ್ನು ಕಂಪನಿಗಳು ಬೇರೆ ಮೇಜಿನ ಮೇಲೆ ಇಟ್ಟುಕೊಳ್ಳುತ್ತವೆ ಎಂಬುದು ನನ್ನ ಅನುಭವ.

ಕೊನೆಯ ಮೆಟ್ಟಿಲು ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 1986ರ ಹಳೆಯ ಕಾಯ್ದೆಯಡಿ ಎದುರುದಾರರ ಕಚೇರಿ ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಾಗಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಗ್ರಾಹಕರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶ ಕೊಟ್ಟಿದೆ. ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ನಿಂತು ಮಾತನಾಡಬಹುದು. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಕಂಪನಿ ನಿರಾಕರಿಸಿದ ದಿನದಿಂದ ಎಣಿಸಬೇಕೆಂದು ವಾದಿಸಬಹುದಾದರೂ, ದೋಷ ಕಂಡ ದೀಪಾವಳಿಯಿಂದಲೇ ಎಣಿಸಿಕೊಂಡು 2027ರ ಅಕ್ಟೋಬರಿಗೆ ಮುಂಚೆಯೇ ಕೆಲಸ ಮುಗಿಸುವುದು ಕ್ಷೇಮ. ಎದುರುದಾರರಿಗೆ ನೋಟಿಸು ತಲುಪಿದ ಮೇಲೆ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ಸಮಯ ಹಿಡಿದರೂ ಎದೆಗುಂದಬೇಡಿ. ಪರೀಕ್ಷೆಯ ಶುಲ್ಕವನ್ನು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳಬಹುದು. 6,400 ರೂಪಾಯಿಯ ಪೆಟ್ಟಿಗೆಗೆ ಇಷ್ಟೆಲ್ಲ ಓಡಾಟವೇ ಎಂದು ಮನೆಯಲ್ಲಿ ಕೇಳಿದರೆ ಆ ಪ್ರಶ್ನೆಯಲ್ಲಿಯೂ ಅರ್ಥವಿದೆ. ಗೆಲುವು ನೂರಕ್ಕೆ ನೂರು ಎಂದು ನಾನು ಹೇಳಲಾರೆ. ಆದ್ದರಿಂದಲೇ ಲಕ್ಷಗಟ್ಟಲೆ ಪರಿಹಾರ ಕೇಳುವ ಗೋಜಿಗೆ ಹೋಗದೆ ದುರಸ್ತಿ ಅಥವಾ ಬದಲಿ, ಓಡಾಟದ ಖರ್ಚು, ಇಷ್ಟನ್ನೇ ಕೇಳಿ. ಸಣ್ಣ ಕೇಳಿಕೆಯನ್ನು ಒಪ್ಪಿ ಮುಗಿಸುವುದು ಕಂಪನಿಗೂ ಸುಲಭ.

ಮುಂದೆ ಕೊಳ್ಳುವ ವಿಷಯ. ಗಟ್ಟಿ ಪೆಟ್ಟಿಗೆಗಳಲ್ಲಿ ಎಬಿಎಸ್ ಎಂಬ ಪ್ಲಾಸ್ಟಿಕ್ ಅಗ್ಗ, ಆದರೆ ಪೆಟ್ಟಿಗೆ ಹಳೆಯದಾದಂತೆ, ಬಿಸಿಲು ತಿಂದಂತೆ, ಪೆಡಸಾಗಿ ಮೂಲೆಗಳಲ್ಲಿ ಸೀಳುತ್ತದೆ. ಪಾಲಿಕಾರ್ಬೊನೇಟ್ ಒತ್ತಿದರೆ ಬಗ್ಗಿ ಮರಳಿ ಎದ್ದು ನಿಲ್ಲುತ್ತದೆ. ಅದರ ಹಾಳೆಯನ್ನು ಕಾಯಿಸಿ ಅಚ್ಚಿಗೆ ಎಳೆದು ಮಾಡಿದ ಪೆಟ್ಟಿಗೆಗಳಲ್ಲಿ ಹೆಚ್ಚು ಎಳೆತಕ್ಕೆ ಸಿಕ್ಕ ಮೂಲೆಗಳೇ ತೆಳುವಾಗಿರುತ್ತವೆ. ಹಾಗಾಗಿ ಅಂಗಡಿಯಲ್ಲಿ ನಡುಭಾಗವನ್ನು ಒತ್ತಿ ನೋಡಿ ತಲೆದೂಗುವ ಬದಲು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಪಾಲಿಪ್ರೊಪಿಲೀನ್ ಹಗುರ, ನೀರನ್ನು ಹೀರುವುದಿಲ್ಲ, ಸಾವಿರ ಸಲ ಬಗ್ಗಿಸಿದರೂ ದಣಿಯುವುದಿಲ್ಲ. ನಮ್ಮ ಹವೆಗೆ ನನ್ನ ಒಲವು ಇದರ ಕಡೆಗೆ. ಬಟ್ಟೆಯ ಬ್ಯಾಗಾದರೆ ಡೀನಿಯರ್ ಎಂಬ ಸಂಖ್ಯೆಗೆ ಮರುಳಾಗಬೇಡಿ. ಅದು 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬುದನ್ನು ಮಾತ್ರ ಹೇಳುತ್ತದೆ. ಎಳೆ ನೈಲಾನಿನದೋ ಪಾಲಿಯೆಸ್ಟರಿನದೋ ಎಂಬುದು ಅದರಿಂದ ತಿಳಿಯುವುದಿಲ್ಲ, ಮತ್ತು ಉಜ್ಜಾಟಕ್ಕೆ ನೈಲಾನೇ ಮೇಲು.

ಜಿಪ್ಪಿನ ಬಗ್ಗೆ ಒಂದು ಮಾತು: ಎಳೆದ ಹಿಂದೆಯೇ ಹಲ್ಲು ಬಿಡತೊಡಗಿದರೆ ಇಡೀ ಜಿಪ್ಪು ಹೋಯಿತೆಂದು ಗಾಬರಿಯಾಗಬೇಡಿ, ಬಹುಪಾಲು ಸಲ ಹೋಗಿರುವುದು ರನ್ನರ್ ಮಾತ್ರ. ಅದರ ಬಾಯಿ ಅಗಲವಾಗಿರುತ್ತದೆ. ಹೊಸ ರನ್ನರ್ ಹಾಕಿಸಿದರೆ ಮತ್ತೆ ಸರಿಹೋಗುತ್ತದೆ.

ನಿಮ್ಮ ಪರಿಸ್ಥಿತಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಚಕ್ರ. ಹೊರಗೆ ಚಾಚಿಕೊಂಡಿರುವ ನಾಲ್ಕು ಪುಟ್ಟ ಚಕ್ರಗಳು ವಿಮಾನ ನಿಲ್ದಾಣದ ನೆಲಕ್ಕಾಗಿ ಹುಟ್ಟಿದವು. ಬೇಲಿಯ ಉಣಗೋಲು ದಾಟಿ, ಜಂಬಿಟ್ಟಿಗೆ ಕಲ್ಲಿನ ದಾರಿಯಲ್ಲಿ ಬಸ್ ನಿಲ್ಲುವ ಜಾಗದವರೆಗೆ ಎಳೆಯುವ ಪೆಟ್ಟಿಗೆಗೆ, ಮೈಯೊಳಗೆ ಅರ್ಧ ಹುದುಗಿರುವ ಎರಡು ದೊಡ್ಡ ಚಕ್ರಗಳೇ ವಾಸಿ. ಚಕ್ರದ ಗೂಡು ರಿವೆಟ್ಟಿನಲ್ಲಿ ಕೂತಿದೆಯೋ ತಿರುಪಿನಲ್ಲಿ ಕೂತಿದೆಯೋ ಎಂದು ಲೈನಿಂಗಿನ ಒಳಜಿಪ್ಪು ತೆರೆದು ನೋಡಿ. ತಿರುಪಾದರೆ ಮುಂದೊಂದು ದಿನ ಬದಲಿಸುವುದು ಹತ್ತು ನಿಮಿಷದ ಕೆಲಸ. ಹಣ ಕೊಡುವ ಮುಂಚೆ ‘ಈ ಮಾದರಿಯ ಬಿಡಿ ಚಕ್ರ ಸಿಗುತ್ತದೆಯೇ, ಸೇವಾ ಕೇಂದ್ರ ಎಲ್ಲಿದೆ’ ಎಂಬೆರಡನ್ನೇ ಕೇಳಿ. ಉತ್ತರ ತಡವರಿಸಿದರೆ ಐದು ವರ್ಷದ ವಾರಂಟಿಯ ತೂಕ ಅಲ್ಲಿಯೇ ಗೊತ್ತಾಗುತ್ತದೆ.

2023ರ ಆಗಸ್ಟಿನಿಂದ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ವಿಮಾನಗಳು ಓಡಾಡುತ್ತಿರುವುದರಿಂದ ಇದನ್ನೂ ಸೇರಿಸಬೇಕು. ವಿಮಾನದಲ್ಲಿ ಹಾಕಿದ ಪೆಟ್ಟಿಗೆ ಒಡೆದು ಬಂದರೆ ಬ್ಯಾಗು ತಯಾರಿಸಿದವರು ಸಾಮಾನ್ಯವಾಗಿ ಹೊಣೆಯಾಗುವುದಿಲ್ಲ. ನಿಲ್ದಾಣದಿಂದ ಹೊರಬೀಳುವ ಮುಂಚೆ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಬರೆಸಿ, ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು.

ಇಡುವ ಕ್ರಮವನ್ನೂ ಬದಲಿಸಿ. ಪ್ಲಾಸ್ಟಿಕ್ ಕವರು ತೆಗೆದು ಹಳೆಯ ಹತ್ತಿ ಬಟ್ಟೆ ಹೊದಿಸಿ; ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸಿ; ಚಕ್ರಗಳ ಮೇಲೆ ಭಾರ ಬೀಳದಂತೆ ಪೆಟ್ಟಿಗೆಯನ್ನು ಮಲಗಿಸಿಡಿ. ಮಳೆ ಬಿಡುವು ಕೊಟ್ಟ ದಿನ ಇಳಿಸಿ, ನೆರಳಿನಲ್ಲಿ ಬಾಯಿ ತೆರೆದಿಟ್ಟು ಗಾಳಿಯಾಡಿಸಿ, ಜಗಲಿಯ ಉದ್ದಕ್ಕೂ ನಾಲ್ಕು ಸಲ ಉರುಳಿಸಿ.

ಮಗಳು ಸದ್ಯದಲ್ಲೇ ಬೆಂಗಳೂರಿಗೆ ಹೊರಡುವುದಿದ್ದರೆ ನೆಂಟರಿಂದ ಬೇರೊಂದು ಬ್ಯಾಗು ತಂದು ಕಳಿಸಿ, ಈ ಪೆಟ್ಟಿಗೆ ಇದ್ದ ಹಾಗೆಯೇ ಇರಲಿ. ಪರಿಶೀಲನೆಗೆ ಕಳಿಸಿ ಎಂದು ಕಂಪನಿಯವರು ಕೇಳಿದರೆ ಕೊಡಿ, ಆದರೆ ಚಕ್ರ ಮತ್ತು ಲೈನಿಂಗಿನ ಸ್ಥಿತಿಯನ್ನು ಬರೆದು ಸಹಿ ಹಾಕಿದ ರಸೀದಿ ಕೈಗೆ ಬರುವವರೆಗೆ ಕೊಡಬೇಡಿ, ಮತ್ತು ಪುಡಿಯ ಡಬ್ಬಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.